ಎರಡನೆಯ ಪ್ರದರ್ಶನ: ವಿಶ್ವವಿದ್ಯಾಲಯದಲ್ಲಿ ನಟನೆ, ನಿರ್ದೇಶನ ಕಲಿಯುವುದೆಂದರೆ

ಎಲ್ಲರಿಗೂ ನಮಸ್ಕಾರ.

ಮುಂಬಯಿಯ ಕನ್ನಡ ಸಂಘಗಳಲ್ಲಿ ನಾಟಕವೆಂದರೆ ಬಹುಪಾಲು ಒಂದು ಸಂಜೆಯ ವ್ಯವಹಾರ. ವಾರ್ಷಿಕೋತ್ಸವಕ್ಕೋ ರಾಜ್ಯೋತ್ಸವಕ್ಕೋ ಎರಡು ತಿಂಗಳ ತಾಲೀಮು, ಆಫೀಸು ಮುಗಿಸಿ ಡೊಂಬಿವಲಿಯಿಂದ, ಮೀರಾ ರೋಡಿನಿಂದ ಲೋಕಲ್ ಹಿಡಿದು ಬರುವ ಕಲಾವಿದರು, ಒಂದು ಪ್ರದರ್ಶನ, ಹಾರ, ಫೋಟೋ, ಊಟ. ಆ ಸಂಜೆಗೆ ಹುಮ್ಮಸ್ಸೇ ಸಾಕು. ಮರುದಿನ ಅದೇ ನಾಟಕವನ್ನು ಮತ್ತೆ ಆಡಿ ನೋಡಿ. ನಿನ್ನೆ ತಾನಾಗಿ ಬಂದ ಕಣ್ಣೀರು ಇವತ್ತು ಬರುವುದಿಲ್ಲ. ನಿನ್ನೆ ಜನ ನಕ್ಕ ಜಾಗದಲ್ಲಿ ನಟ ನಿಂತು ಕಾಯುತ್ತಾನೆ, ಸಭೆ ಮಾತ್ರ ಗಪ್‌ಚಿಪ್. ರಂಗಶಿಕ್ಷಣ ಮುಖ್ಯವಾಗಿ ಕಲಿಸುವುದು ಈ ಎರಡನೆಯ ದಿನವನ್ನು. ಪ್ರತಿಭೆಯನ್ನು ಕಲಿಸಲು ಬರುತ್ತದೆಯೇ ಎಂಬ ಚರ್ಚೆ ಚಹಾದ ಹೊತ್ತಿಗೆ ಇರಲಿ.

ಎಲ್ಲಿ ಕಲಿಯಬಹುದು ಎಂಬುದನ್ನು ಬೇಗ ಮುಗಿಸುತ್ತೇನೆ. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಅಕಾಡೆಮಿ ಆಫ್ ಥಿಯೇಟರ್ ಆರ್ಟ್ಸ್ ಇದೆ, ಅಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ. ಪುಣೆ ವಿಶ್ವವಿದ್ಯಾಲಯದಲ್ಲಿ ಲಲಿತ ಕಲಾ ಕೇಂದ್ರವಿದೆ, ನಾಟಕಕಾರ ಸತೀಶ್ ಆಳೇಕರ್ ಬಹಳ ಕಾಲ ಅದರ ಮುಖ್ಯಸ್ಥರಾಗಿದ್ದರು. ಪಣಜಿಯ ಕಲಾ ಅಕಾಡೆಮಿಯಲ್ಲಿ ನಾಟಕ ಶಾಲೆ ಇದೆ. ಪದವಿಗಿಂತ ಕನ್ನಡದಲ್ಲೇ ಕಲಿಯುವುದು ಮುಖ್ಯ ಎನ್ನುವವರಿಗೆ 1980ರಲ್ಲಿ ಶುರುವಾದ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರದು, ಮೂರು ವರ್ಷದ ಡಿಪ್ಲೊಮಾ. 1977ರಲ್ಲಿ ನಮ್ಮ ಬಿ.ವಿ. ಕಾರಂತರು ಅದರ ನಿರ್ದೇಶಕರಾದರು. ನಿಯಮ, ಶುಲ್ಕ ವರ್ಷವರ್ಷ ಬದಲಾಗುತ್ತವೆ, ಆಯಾ ಸಂಸ್ಥೆಯ ಪ್ರಕಟಣೆ ನೋಡಿಕೊಳ್ಳಿ.

ಪ್ರವೇಶ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಸ್ವಗತ ಕೇಳುತ್ತಾರೆ. ಒಂದಕ್ಕೊಂದು ಭಿನ್ನವಾಗಿರಲಿ, ತಲಾ ಎರಡು ನಿಮಿಷ ಮೀರದಿರಲಿ. ಕನ್ನಡದಲ್ಲಿ ಎರಡು ನಿಮಿಷವೆಂದರೆ ಹೆಚ್ಚೆಂದರೆ ಇನ್ನೂರು ಪದ. ನಾನೂರು ಪದ ತಂದವರು ಓಡುತ್ತಾರೆ. ನಮ್ಮ ಹುಡುಗರಿಗೆ ಗಿರೀಶ್ ಕಾರ್ನಾಡರ 'ತುಘಲಕ್' ನಾಟಕದ ಸುಲ್ತಾನನ ಮೇಲೆ ಕಣ್ಣು. ಅದನ್ನು ಬರೆದಾಗ ಕಾರ್ನಾಡರಿಗೂ ಇಪ್ಪತ್ತೈದರ ಆಸುಪಾಸು ಎನ್ನುವುದು ನಿಜ, ಆದರೆ ಬರೆಯುವುದು ಬೇರೆ, ಹೊರುವುದು ಬೇರೆ. ನಿಮ್ಮ ವಯಸ್ಸಿಗೆ ಐದು ವರ್ಷ ಹಿಂದೆಮುಂದೆ ಇರುವ ಪಾತ್ರ ಆರಿಸಿಕೊಳ್ಳಿ. ಮುಗಿಸಿದ ಮೇಲೆ ಪರೀಕ್ಷಕರು, 'ಈಗ ಇದನ್ನೇ ತಪ್ಪಿಸಿಕೊಂಡ ಮಗುವನ್ನು ಹುಡುಕುತ್ತಾ ಹೇಳಿ' ಎನ್ನಬಹುದು. ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿ. ಮನೆಯಲ್ಲಿ ಗಟ್ಟಿ ಮಾಡಿದ ಧಾಟಿಯನ್ನು ಬಿಡಲಾಗದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಮೊದಲ ವರ್ಷ ಹೆಚ್ಚು ಬೆವರು ಹರಿಯುವುದು ದನಿ ಮತ್ತು ಉಸಿರಿನ ಮೇಲೆ. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಅಂಗೈಯನ್ನು ಕೆಳಪಕ್ಕೆಲುಬಿನ ಮೇಲಿಡಿ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, 'ಸ್' ಎಂದು ಒಂದೇ ಸಮನೆ ಬಿಡಿ. ಶುರುವಿಗೆ ಹದಿನೈದು ಸೆಕೆಂಡು ಬಂದರೆ ಸಾಕು, ಮೆಲ್ಲಗೆ ಮೂವತ್ತಕ್ಕೆ ಏರಿಸಬಹುದು. ಉಸಿರೆಳೆಯುವಾಗ ಭುಜ ಮೇಲೇರಿದರೆ ಗಾಳಿ ಎದೆಯ ಮೇಲ್ಭಾಗದಲ್ಲೇ ನಿಂತಿದೆ, ಕತ್ತು ಬಿಗಿಯುತ್ತಿದೆ ಎಂದರ್ಥ. ಹಾಗೆ ಮಾತಾಡಿದವರ ಗಂಟಲು ಎರಡನೆಯ ಅಂಕಕ್ಕೆ ಕಟ್ಟುತ್ತದೆ.

ಕನ್ನಡ ನಟರಿಗೆ ಉಸಿರು ಇನ್ನೊಂದು ಕಾರಣಕ್ಕೂ ಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಯಾವಾಗ, ಹೌದೋ ಅಲ್ಲವೋ, ಎಲ್ಲ ಆ ಬಾಲದಲ್ಲೇ. 'ಆ ರಾತ್ರಿ ನಾನು ನಿಮ್ಮ ಮನೆಗೆ ಬಂದಿರಲಿಲ್ಲ' ಎಂಬ ಮಾತು ತಗೊಳ್ಳಿ. ಉಸಿರು 'ಮನೆಗೆ'ಯಲ್ಲೇ ತೀರಿ, ಉಳಿದದ್ದು ಗೊಣಗಾಟವಾದರೆ ಹತ್ತನೇ ಸಾಲಿನವರಿಗೆ ಕೇಳುವುದು 'ಬಂದಿ...' ಎಂದಷ್ಟೇ. ಕೊಲೆಗಾರ ಯಾರೆಂಬುದೇ ತಿರುಗುಮುರುಗಾಯಿತು! ನಾವು ದಿನನಿತ್ಯ ಮಾತಾಡುವಾಗ ಕೊನೆಯನ್ನು ನುಂಗುವವರೇ. ಎದುರಿಗಿದ್ದವರು ಮುಖ ನೋಡಿ ತುಂಬಿಕೊಳ್ಳುತ್ತಾರೆ. ರಂಗದ ಮೇಲೆ ಆ ಸೌಲಭ್ಯವಿಲ್ಲ. ಅಭ್ಯಾಸಕ್ಕೆ, ಪ್ರತಿ ವಾಕ್ಯದ ಕೊನೆಯ ಪದಕ್ಕೆ ಒಂದು ಹೆಜ್ಜೆ ಮುಂದಿಟ್ಟು ಹೇಳಿ. ವಾರ ಕಳೆದ ಮೇಲೆ ಹೆಜ್ಜೆ ಬಿಡಬಹುದು, ಪದ ನಿಲ್ಲುತ್ತದೆ.

ಮುಂಬಯಿಯಲ್ಲಿ ಬೆಳೆದವರಿಗೆ ಇನ್ನೊಂದು ತೊಡಕು. ಲಿಪಿ ಬಾರದ ಮಕ್ಕಳು ಸಂಭಾಷಣೆಯನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ತಪ್ಪಲ್ಲ, ಆದರೆ ಆ ಲಿಪಿಯ ವಾಡಿಕೆಯ ಬರಹದಲ್ಲಿ ಎ-ಏ, ಒ-ಓ ಬೇರೆಬೇರೆ ಇಲ್ಲ. 'ಬೆಳೆ ಹಾಳಾಯಿತು' ಎನ್ನುವ ರೈತ 'ಬೇಳೆ ಹಾಳಾಯಿತು' ಎನ್ನುತ್ತಾನೆ, ದುರಂತ ಅಡುಗೆಮನೆಗೆ ಇಳಿಯುತ್ತದೆ. ಮದ್ದು ಸುಲಭ: ದೀರ್ಘವಿದ್ದಲ್ಲಿ ಅಕ್ಷರದ ಮೇಲೆ ಕೆಂಪು ಪೆನ್ಸಿಲಿನ ಗೆರೆ. ಹಿಂದಿ ಮಾಧ್ಯಮದಲ್ಲಿ ಓದಿದವರಿಗೆ ಳ ಕಷ್ಟ, ಮರಾಠಿಯವರಿಗೆ ಅದು ಸಲೀಸು. ಇನ್ನು ಒಂದೇ ಮನೆಯ ಅಪ್ಪ ಧಾರವಾಡದ ಕನ್ನಡ, ಮಗ ಮಂಗಳೂರಿನ ಕನ್ನಡ ಆಡುವುದು ಸಂಘದ ನಾಟಕಗಳಲ್ಲಿ ಮಾಮೂಲು. ಅದನ್ನು ಸರಿಪಡಿಸಬೇಕಾದದ್ದು ನಟರಲ್ಲ, ನಿರ್ದೇಶಕರು. ಅದೂ ಮೊದಲ ಓದಿನ ದಿನವೇ.

ಈಗ ನಟನೆಯ ತಿರುಳಿಗೆ ಬರೋಣ. ಭರತನ ನಾಟ್ಯಶಾಸ್ತ್ರ ಹೇಳುವ ಅಭಿನಯದ ನಾಲ್ಕು ಬಗೆ, ಆಂಗಿಕ (ಮೈ), ವಾಚಿಕ (ಮಾತು), ಆಹಾರ್ಯ (ವೇಷ), ಸಾತ್ವಿಕ (ಒಳಭಾವ), ಎಲ್ಲರಿಗೂ ಬಾಯಿಪಾಠ. ರಷ್ಯದ ರಂಗನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ 'ಈ ಪಾತ್ರಕ್ಕೆ ಈ ಗಳಿಗೆ ಏನು ಬೇಕು' ಎಂಬ ಪ್ರಶ್ನೆಯೂ ಪರೀಕ್ಷೆಯಲ್ಲಿ ಬರುತ್ತದೆ. ಎರಡನ್ನೂ ನೆಲಕ್ಕಿಳಿಸಿ ನೋಡೋಣ. ಒಂದು ಚಿಕ್ಕ ದೃಶ್ಯ: ಮಗ ಬ್ಯಾಗು ಕಟ್ಟಿಕೊಂಡು ಬಾಗಿಲಲ್ಲಿದ್ದಾನೆ, ಅಪ್ಪ ರಾತ್ರಿ ಪಾಳಿ ಮುಗಿಸಿ ಒಳಗೆ ಬರುತ್ತಾನೆ. ಮೊದಲ ಮಾತು ಅಪ್ಪನದು.

'ಊಟ ಆಯ್ತಾ?' 'ಆಯ್ತು.' 'ಏನು ಮಾಡಿದ್ಲು?' 'ಟ್ರೇನಿಗೆ ಹೊತ್ತಾಯ್ತು.'

'ದುಃಖದಿಂದ ಹೇಳು' ಎಂದರೆ ಹೊಸ ನಟ ಮುಖ ಇಳಿಸುತ್ತಾನೆ. ದುಃಖವನ್ನು ಮಾಡಲಾಗದು, ಅದು ಏನೋ ಮಾಡಲು ಹೋಗಿ ಸೋತಾಗ ಉಳಿಯುವುದು. ಅಪ್ಪನಿಗೆ ಕೊಡಬೇಕಾದದ್ದು ಕ್ರಿಯಾಪದ: ತಡೆ, ಪುಸಲಾಯಿಸು, ಚುಚ್ಚು, ಕ್ಷಮೆ ಕೇಳು. 'ಊಟ ಆಯ್ತಾ' ಎಂಬ ಎರಡೇ ಪದವನ್ನು ಈ ನಾಲ್ಕರಲ್ಲೂ ಹೇಳಿ ನೋಡಿ, ನಾಲ್ಕು ಬೇರೆ ಅಪ್ಪಂದಿರು ಬರುತ್ತಾರೆ. ನಟ ತನ್ನ ಪ್ರತಿಯಲ್ಲಿ ಪ್ರತಿ ಮಾತಿನ ಪಕ್ಕ ಇಂಥ ಒಂದು ಪದ ಬರೆದಿಟ್ಟುಕೊಳ್ಳುತ್ತಾನೆ, ಪೆನ್ಸಿಲಿನಲ್ಲಿ, ಯಾಕೆಂದರೆ ಅದು ಬದಲಾಗುತ್ತದೆ. ಎರಡನೆಯ ಪ್ರದರ್ಶನದಲ್ಲಿ ನಿನ್ನೆಯ ಕಣ್ಣೀರನ್ನು ಹುಡುಕಬೇಕಿಲ್ಲ, ಮಗನನ್ನು ತಡೆದರಾಯಿತು. ಕಣ್ಣೀರು ಬಂದರೆ ಬಂತು, ಬರದಿದ್ದರೂ ದೃಶ್ಯ ಬೀಳುವುದಿಲ್ಲ.

ಬಾಯಿಪಾಠದ ಬಗ್ಗೆಯೂ ಹೇಳಬೇಕು. ಮನೆಯಲ್ಲಿ ಭಾವ ತುಂಬಿ ಬಾಯಿಪಾಠ ಮಾಡಿದರೆ ಮಾತಿನ ಜೊತೆ ರಾಗವೂ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಎದುರಿನ ನಟ ಏನು ಮಾಡಿದರೂ ಇವರದು ಅದೇ ರಾಗ. ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ, ದಿನಸಿ ಪಟ್ಟಿ ಓದಿದಂತೆ ಚಪ್ಪಟೆಯಾಗಿ ಉರು ಹೊಡೆಯಿರಿ. ನಿಮ್ಮ ಮಾತಿನ ಜೊತೆ ಎದುರಿನವರ ಕೊನೆಯ ಮೂರು ಪದವನ್ನೂ ಕಲಿಯಿರಿ.

ನಿರ್ದೇಶನದ ವಿದ್ಯಾರ್ಥಿಗೆ ಮೊದಲು ಕಲಿಸುವುದು ಓದು. ತುಘಲಕ್ ನಾಟಕವನ್ನೇ ತಗೊಳ್ಳಿ, 13 ದೃಶ್ಯ. ಕಾರ್ನಾಡರು ಅದರಲ್ಲಿ ಕಂಪನಿ ನಾಟಕಗಳ ಒಂದು ಹಳೆಯ ಉಪಾಯ ಬಳಸಿಕೊಂಡರು: ಅರಮನೆಯ ದೊಡ್ಡ ದೃಶ್ಯಕ್ಕೆ ಪೂರ್ತಿ ರಂಗ, ಬೀದಿಯ ದೃಶ್ಯಕ್ಕೆ ಮುಂದೊಂದು ಪರದೆ. ಪರದೆಯ ಮುಂದೆ ಹಾಸ್ಯ ನಡೆಯುವಾಗ ಹಿಂದೆ ಸಜ್ಜಿಕೆ ಬದಲಾಗುತ್ತಿತ್ತು. ಆದರೆ ನಾಟಕ ಮುಂದುವರಿದಂತೆ ಬೀದಿಯ ಠಕ್ಕ ಅಜೀಜ್ ಅರಮನೆಯೊಳಗೇ ನುಗ್ಗುತ್ತಾನೆ. ಇದನ್ನು ಕಾಣದ ನಿರ್ದೇಶಕ ಹದಿಮೂರು ದೃಶ್ಯಕ್ಕೆ ಹದಿಮೂರು ಕತ್ತಲು ಹಾಕುತ್ತಾನೆ. ಒಂದೊಂದು ಕತ್ತಲು ನಲವತ್ತು ಸೆಕೆಂಡಾದರೂ ಎಂಟೂವರೆ ನಿಮಿಷಕ್ಕೂ ಹೆಚ್ಚು ಕಾಲ ಪ್ರೇಕ್ಷಕರು ಮೊಬೈಲು ನೋಡುತ್ತಿರುತ್ತಾರೆ.

ಓದಿನ ನಂತರ ನಕ್ಷೆ. 1:25 ಅಳತೆಯಲ್ಲಿ ರಟ್ಟಿನ ಮಾದರಿ ಮಾಡಿದರೆ ನಟನ ಎತ್ತರ ಸುಮಾರು ಏಳು ಸೆಂಟಿಮೀಟರು. ಅಷ್ಟೆತ್ತರದ ಒಂದು ಗೊಂಬೆ ನಿಲ್ಲಿಸಿ; ಮೆಟ್ಟಿಲು, ಬಾಗಿಲು ಎಲ್ಲಿ ತಪ್ಪಿವೆ ಎಂದು ಕೂಡಲೇ ಗೊತ್ತಾಗುತ್ತದೆ. ಪ್ರಾಂಪ್ಟ್ ಪುಸ್ತಕದಲ್ಲಿ, ಅಂದರೆ ಮಾತು, ಚಲನೆ ಎಲ್ಲ ಗುರುತಿಸಿಡುವ ಪ್ರತಿಯಲ್ಲಿ, ಬಲಪುಟಕ್ಕೆ ಸಂಭಾಷಣೆ, ಎಡಪುಟ ಚಲನೆಗೆ ಖಾಲಿ. ಎಡ-ಬಲ ಎಂದರೆ ನಟನ ಎಡ-ಬಲ, ಪ್ರೇಕ್ಷಕರತ್ತ ಮುಖ ಮಾಡಿ ನಿಂತಾಗಿನದು. ಸಭೆಯಲ್ಲಿ ಕೂತು 'ಎಡಕ್ಕೆ ಬಾ' ಎಂದು ಕೂಗುವ ನಿರ್ದೇಶಕರಿಂದ ಹಾಳಾಗುವ ಸಮಯಕ್ಕೆ ಲೆಕ್ಕವಿಲ್ಲ.

ಈ ಊರಿನಲ್ಲಿ ಬ್ಲಾಕಿಂಗ್ (ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಎಲ್ಲಿಗೆ ನಡೆಯಬೇಕು ಎಂಬ ಏರ್ಪಾಡು) ಹಾಳುಮಾಡುವುದು ಜಾಗ. ತಾಲೀಮಿಗೆ ಸಿಗುವುದು ಶಾಲೆಯ ಕೊಠಡಿ, ಅಗಲ ಇಪ್ಪತ್ತು ಅಡಿ. ನಾಟಕ ನಡೆಯುವುದು ಮೂವತ್ತೆರಡು ಅಡಿಯ ರಂಗದಲ್ಲಿ ಎಂದಿಟ್ಟುಕೊಳ್ಳಿ. ಮನುಷ್ಯ ಸಹಜವಾಗಿ ನಡೆಯುವುದು ಸೆಕೆಂಡಿಗೆ ನಾಲ್ಕಡಿಯ ಲೆಕ್ಕ. ಹೆಚ್ಚುವರಿ ಹನ್ನೆರಡು ಅಡಿಗೆ ಮೂರು ಸೆಕೆಂಡು. ಅಂಥ ದಾಟುವಿಕೆ ನಾಟಕದಲ್ಲಿ ಮೂವತ್ತಿದ್ದರೆ ಒಂದೂವರೆ ನಿಮಿಷದ ಮೌನ, ಯಾರೂ ಬರೆಯದ ಮೌನ. ಮಾತು ಮುಗಿದಿರುತ್ತದೆ, ನಟ ಇನ್ನೂ ನಡೆಯುತ್ತಿರುತ್ತಾನೆ. 'ಟೆಂಪೋ ಬಿತ್ತು' ಎಂದು ನಟರನ್ನು ಬೈಯುತ್ತೇವೆ, ಬಿದ್ದದ್ದು ಲೆಕ್ಕ. ನಿಜವಾದ ರಂಗದ ಅಳತೆ ತಂದು ಮಾಸ್ಕಿಂಗ್ ಟೇಪಿನಲ್ಲಿ ನೆಲದ ಮೇಲೆ ಅಂಟಿಸಬೇಕು. ಅಷ್ಟು ಜಾಗ ಹಿಡಿಸದಿದ್ದರೆ ಅರ್ಧರ್ಧ ರಂಗ ಮಾಡಿ ತಾಲೀಮು ನಡೆಸಿ, ಇಲ್ಲವೇ ಸೊಸೈಟಿಯ ಗಚ್ಚಿಗೆ ಹೋಗಿ.

ಜುಹುವಿನ ಪೃಥ್ವಿ ಥಿಯೇಟರ್ (1978) ಇನ್ನೊಂದು ಬಗೆ. ಪ್ರೇಕ್ಷಕರು ಮೂರು ಕಡೆ, ಇನ್ನೂರರಷ್ಟು ಆಸನ. ನೇರ ಮುಂದಕ್ಕೆ ನಿಂತು ಮಾತಾಡುವ ಸಂಘದ ಅಭ್ಯಾಸ ಅಲ್ಲಿ ನಡೆಯದು. ಇಬ್ಬರು ನಟರು ಓರೆಯಾಗಿ, ಒಬ್ಬರಿಗೊಬ್ಬರು ದೂರ ನಿಲ್ಲಬೇಕು. ಹತ್ತಿರ ನಿಂತರೆ ಒಂದು ಬದಿಯವರಿಗೆ ಬೆನ್ನು ಮಾತ್ರ ಕಾಣುತ್ತದೆ. ಪ್ರೇಕ್ಷಕರ ಹತ್ತಿರ-ದೂರದ ಚಿಂತೆ ಹೊಸದೇನಲ್ಲ: ಮಧ್ಯಮ ಅಳತೆಯ ನಾಟ್ಯಮಂಟಪ 64 ಹಸ್ತ (ಮೊಳ) ಉದ್ದ, 32 ಹಸ್ತ ಅಗಲವಿರಲಿ, ಅದಕ್ಕಿಂತ ದೊಡ್ಡದಾದರೆ ದನಿ ಕೆಡುತ್ತದೆ, ಮುಖದ ಭಾವ ಕಾಣದು ಎಂದು ಭರತ ಕಾರಣ ಸಮೇತ ಹೇಳಿದ್ದಾನೆ. ಈಗಿನವರು ಕಾಲರ್ ಮೈಕು ಸಿಕ್ಕಿಸಿ ಆ ಮಾತಿನಿಂದ ನುಣುಚಿಕೊಂಡಿದ್ದಾರೆ.

ತೊಂಬತ್ತು ನಿಮಿಷದ ನಾಟಕಕ್ಕೆ ತೊಂಬತ್ತು ಗಂಟೆಯ ತಾಲೀಮು ಒಂದು ಒಳ್ಳೆಯ ಅಂದಾಜು: ವಾರಕ್ಕೆ ಐದು ದಿನ, ದಿನಕ್ಕೆ ಮೂರು ಗಂಟೆ, ಆರು ವಾರ. ಮೊದಲ ವಾರ ಕೂತು ಓದು. ಎರಡು-ಮೂರರಲ್ಲಿ ಬ್ಲಾಕಿಂಗ್. ನಾಲ್ಕನೆಯ ವಾರ ಪುಸ್ತಕ ಕೆಳಗಿಡಬೇಕು, ಆಗ ನಾಟಕ ಹಿಂದಿನ ವಾರಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಗಾಬರಿಯಾಗಿ ಎಲ್ಲ ಬದಲಿಸುವ ನಿರ್ದೇಶಕರು ಮುಳುಗುವುದು ಇಲ್ಲೇ. ಐದರಲ್ಲಿ ರನ್ ಥ್ರೂ (ನಡುವೆ ನಿಲ್ಲಿಸದೆ ಇಡೀ ನಾಟಕ), ಆರರಲ್ಲಿ ಬೆಳಕು, ಧ್ವನಿ, ವೇಷ. ಪಾದರಕ್ಷೆ, ಕಚ್ಚೆ, ಸೀರೆ ಇವನ್ನು ಮಾತ್ರ ಕೊನೆಯ ವಾರಕ್ಕೆ ಬಿಡಬೇಡಿ, ಮೂರನೆಯ ವಾರದಿಂದಲೇ ಹಳೆಯದೊಂದನ್ನು ತೊಡಿಸಿ. ಸ್ನೀಕರ್ಸಿನಲ್ಲಿ ಕಲಿತ ನಡಿಗೆಗೆ ಮೆಟ್ಟು ಹಾಕಿದರೆ ಪಾತ್ರವೇ ಬೇರೆಯಾಗುತ್ತದೆ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಮುನ್ನ ನಾಟಕದ ಪ್ರತಿಯನ್ನು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವ ಪದ್ಧತಿಯಿದೆ. ಆ ಅರ್ಜಿ ಮೊದಲ ವಾರವೇ ಹೋಗಲಿ.

ಬೆಳಕಿನ ಲೆಕ್ಕ ನಿರ್ದೇಶಕರಿಗೂ ಗೊತ್ತಿರಬೇಕು. ಸಾವಿರ ವ್ಯಾಟಿನ ಇಪ್ಪತ್ತು ದೀಪ ಒಟ್ಟಿಗೆ ಉರಿದರೆ 20 ಕಿಲೋವ್ಯಾಟ್. ಮೂರು ಫೇಸಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ಸುಮಾರು 29 ಆಂಪಿಯರ್. ಒಂದೇ ಫೇಸಿಗೆ ಹಾಕಿದರೆ 87, ಎಂಸಿಬಿ (ತಾನಾಗಿ ವಿದ್ಯುತ್ ಕಡಿಯುವ ಸ್ವಿಚ್ಚು) ಬೀಳುತ್ತದೆ, ಅದೂ ನಾಯಕಿ ಬಾಯಿ ತೆರೆಯುವ ಹೊತ್ತಿಗೆ. ಬೆಳಕಿನ ಕ್ಯೂಗಳಿಗೆ (ಬೆಳಕು ಬದಲಿಸುವ ಸೂಚನೆಗಳಿಗೆ) 10, 20, 30 ಎಂದು ಸಂಖ್ಯೆ ಕೊಡಿ. ಕೊನೆಯ ದಿನ ನಡುವೆ 15 ಸೇರಿಸಲು ಜಾಗವಿರುತ್ತದೆ. ರಂಗನಿರ್ವಾಹಕರು (ಸ್ಟೇಜ್ ಮ್ಯಾನೇಜರ್) 'ಸ್ಟ್ಯಾಂಡ್‌ಬೈ' ಎಂದು, ಉತ್ತರ ಬಂದ ಮೇಲೆ 'ಗೋ' ಎನ್ನುತ್ತಾರೆ. ಹೆಡ್‌ಸೆಟ್ಟಿನಲ್ಲಿ ಬೇರೆ ಯಾವ ಮಾತಿಗೂ 'ಗೋ' ಬಳಸಬಾರದು.

ಅದೇ ರಂಗನಿರ್ವಾಹಕರು ಪ್ರತಿ ಪ್ರದರ್ಶನದ ಅವಧಿ ಬರೆದಿಡಬೇಕು, ಅಂಕವಾರು. ಶನಿವಾರ 92 ನಿಮಿಷ, ಭಾನುವಾರ 99 ಎಂದಿಟ್ಟುಕೊಳ್ಳಿ. ಏಳು ನಿಮಿಷ ಎಲ್ಲಿ ಹೋಯಿತು? ನಾಲ್ಕು ನಿಮಿಷ ನಗುವಿಗಾಗಿ ಕಾಯುವುದರಲ್ಲಿ, ಎರಡು ನಿಮಿಷ ನಿನ್ನೆ ಚಪ್ಪಾಳೆ ಸಿಕ್ಕಿದ ಭಾಷಣವನ್ನು ಚಪ್ಪರಿಸುವುದರಲ್ಲಿ, ಒಂದು ನಿಮಿಷ ತಡವಾಗಿ ಹಿಡಿದ ಮಾತುಗಳಲ್ಲಿ. ವಿದ್ಯಾರ್ಥಿ ನಿರ್ದೇಶಕರು ಆ ವರದಿ ಹಿಡಿದು ಸೋಮವಾರ ನಟರ ಮುಂದೆ ಕೂರಬೇಕು. ನಟನೆ ಕಲಿಯದ ನಿರ್ದೇಶಕರು ಆಗ 'ಬೇಗ ಮಾಡಿ' ಎನ್ನುತ್ತಾರೆ. ಎರಡನ್ನೂ ಕಲಿತವರು, 'ನೀವು ಮಗನನ್ನು ತಡೆಯುವುದು ಬಿಟ್ಟಿದ್ದೀರಿ' ಎನ್ನುತ್ತಾರೆ. ಎಂಟು ನಿಮಿಷದ ದೃಶ್ಯ ಆರಕ್ಕೆ ಇಳಿಯುತ್ತದೆ.

ಹೆತ್ತವರು ಸಂಪಾದನೆಯ ಬಗ್ಗೆ ಕೇಳುತ್ತಾರೆ, ಕೇಳಲೇಬೇಕು. ನಾಟಕದಿಂದ ಮಾತ್ರ ಮುಂಬಯಿಯ ಬಾಡಿಗೆ ಕಟ್ಟುವುದು ಕಷ್ಟ. ಧಾರಾವಾಹಿ, ಡಬ್ಬಿಂಗ್, ಶಾಲೆಗಳ ನಾಟಕ ಶಿಕ್ಷಣ, ರಂಗನಿರ್ವಹಣೆ ಇವು ಜೊತೆಗೆ ಬೇಕು. ಜಾಹೀರಾತಿಗೆ ಕನ್ನಡ ದನಿ ಬೇಕಾದಾಗ ಮೊದಲು ನೋಡುವುದು ವಾಕ್ಯದ ಕೊನೆ ನುಂಗುತ್ತಾರೋ ಇಲ್ಲವೋ ಎಂಬುದನ್ನೇ.

ಮಾತು ಇಷ್ಟಕ್ಕೆ ನಿಲ್ಲಿಸುತ್ತೇನೆ. ಮುಂದಿನ ಮೂರು ಸಾಲಿನ ಕುರ್ಚಿಗಳನ್ನು ಬದಿಗೆ ಸರಿಸಿಕೊಡಿ. ಟೇಪಿನ ಎರಡು ಸುರುಳಿ ಇಲ್ಲಿದೆ. ಮೂವತ್ತೆರಡು ಅಡಿ ಅಳೆದು ಅಂಟಿಸೋಣ, ಆಮೇಲೆ ಅಪ್ಪ-ಮಗನ ದೃಶ್ಯವನ್ನು ಎರಡು ಸಲ ಆಡಿ ನೋಡೋಣ. ಯಾರಾದರೂ ಒಬ್ಬರು ಗಡಿಯಾರ ಹಿಡಿಯಿರಿ.