ಸ್ವಿಚ್ಚಿನೊಳಗಿನ ಕಿಡಿ

ಕೇಳುಗರಿಗೆ ನಮಸ್ಕಾರ. ಬಂಕಿನ ಹುಡುಗರು, ವೈರಿಂಗ್ ಕೆಲಸದವರು, ಜನರೇಟರ್ ಇಟ್ಟುಕೊಂಡ ಅಂಗಡಿಯವರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ.

ಸ್ವಿಚ್ ಒತ್ತಿದರೆ ಒಳಗೆ ಕಿಡಿ ಹಾರುತ್ತದೆ. ಸ್ವಿಚ್ ಹೊಸದಾದರೂ ಅಷ್ಟೇ, ದುಬಾರಿಯಾದರೂ ಅಷ್ಟೇ. ಮನೆಯಲ್ಲಿ ಅದರಿಂದ ತೊಂದರೆಯಿಲ್ಲ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಮಾತ್ರ ಅದು ಬೆಂಕಿಕಡ್ಡಿ ಗೀರಿದ ಹಾಗೆ.

"ಟ್ಯಾಂಕ್ ಅಲ್ಲೆಲ್ಲೋ ಇದೆ ಸಾರ್, ಸ್ವಿಚ್ ಇಲ್ಲಿದೆ" ಅನ್ನುತ್ತಾರೆ. ಟ್ಯಾಂಕ್ ಬರಬೇಕಾಗಿಲ್ಲ, ಆವಿಯೇ ಬರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ, ಕೇಬಲ್ ಹಾಕಿದ ಕಾಲುವೆಗೂ ಇಳಿಯುತ್ತದೆ. ನೂರು ಪಾಲು ಗಾಳಿಯಲ್ಲಿ ಒಂದೂವರೆ ಪಾಲು ಸೇರಿದರೆ ಸಾಕು, ಹತ್ತಿಕೊಳ್ಳುತ್ತದೆ.

2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದ ತೈಲ ಡಿಪೋದಲ್ಲಿ ಪೆಟ್ರೋಲ್ ಸೋರಿತು. ಒಂದು ಗಂಟೆಗೂ ಮಿಕ್ಕಿ ಆವಿ ಹರಡುತ್ತಲೇ ಇತ್ತು. ಆಮೇಲೆ ಸ್ಫೋಟ. 11 ಜನ ಸತ್ತರು. ಕಿಡಿ ಕೊಟ್ಟದ್ದು ಫ್ಲೇಮ್‌ಪ್ರೂಫ್ ಅಲ್ಲದ, ಅಂದರೆ ಒಳಗಿನ ಬೆಂಕಿಯನ್ನು ಹೊರಗೆ ಬಿಡದಂಥ ಕವಚ ಇಲ್ಲದ ವಿದ್ಯುತ್ ಸಾಮಗ್ರಿ ಇರಬೇಕು, ಇಲ್ಲವೇ ಸ್ಟಾರ್ಟ್ ಮಾಡಿದ ಗಾಡಿ ಇರಬೇಕು ಅಂತ ತನಿಖಾ ಸಮಿತಿ ಹೇಳಿತು.

ಈಗ ನನ್ನ ಕಥೆ. ಹೆದ್ದಾರಿ ಪಕ್ಕದ ಒಂದು ಬಂಕಿಗೆ ತಪಾಸಣೆಗೆ ಹೋಗಿದ್ದೆ. ಮಾಲೀಕರು ಒಳ್ಳೆಯವರು, ಹೋದ ತಕ್ಷಣ ಕಾಫಿ ತರಿಸಿದರು. "ಎಲ್ಲಾ ಫ್ಲೇಮ್‌ಪ್ರೂಫ್ ಸಾರ್, ಸುಮ್ನೆ ಸಹಿ ಹಾಕಿ" ಅಂದರು. ನೋಡಿದೆ. ಸ್ವಿಚ್ ಕೂರಿಸಿದ ದಪ್ಪ ಎರಕದ ಬಾಕ್ಸ್, ಹೊಸದು. ಮುಚ್ಚಳಕ್ಕೆ 8 ಬೋಲ್ಟ್ ಇರಬೇಕು. ಇದ್ದದ್ದು 5. ಉಳಿದವು ಎಲ್ಲಿ ಅಂದೆ. ಎಲೆಕ್ಟ್ರಿಷಿಯನ್ ಹುಡುಗ ಜೇಬಿನಿಂದ ತೆಗೆದು ತೋರಿಸಿದ! "ಪದೇ ಪದೇ ಬಿಚ್ಚಬೇಕಲ್ಲ ಸಾರ್, ಜಾಸ್ತಿ ಹೊತ್ತಾಗುತ್ತೆ." ಕೇಬಲ್ ಹೋಗುವ ತೂತಿಗೆ ಅದನ್ನು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಇಲ್ಲ, ಬಟ್ಟೆ ತುರುಕಿ ಮೇಲೆ ಎಂ-ಸೀಲ್ ಮೆತ್ತಿದ್ದ. ಕಾಫಿ ಅಲ್ಲೇ ತಣ್ಣಗಾಯಿತು.

ಫ್ಲೇಮ್‌ಪ್ರೂಫ್ ಅಂದರೆ ಆವಿ ಒಳಗೆ ಹೋಗುವುದೇ ಇಲ್ಲ ಅಂತ ಅವರಿಬ್ಬರೂ ನಂಬಿದ್ದರು. ಹಾಗಲ್ಲ ಸ್ವಾಮಿ. ಆವಿ ಹೋಗುತ್ತದೆ, ಒಳಗಿನ ಕಿಡಿಗೆ ಢಂ ಅನ್ನಲೂಬಹುದು. ಬಾಕ್ಸ್ ಅದನ್ನು ತಡೆದುಕೊಳ್ಳುವಷ್ಟು ಗಟ್ಟಿ. ಮುಚ್ಚಳದ ಅಂಚಿನ ಕೂದಲೆಳೆಯಂಥ ಸಂದಿಯಲ್ಲಿ ಜ್ವಾಲೆ ಹೊರಬರುವಾಗ ಲೋಹ ಅದನ್ನು ತಣಿಸಿಬಿಡುತ್ತದೆ. ಒಂದು ಬೋಲ್ಟ್ ತೆಗೆದಿರಿ, ಸಂದಿ ಬಿರಿಯಿತು, ಜ್ವಾಲೆ ಹೊರಗೆ. ಸಾವಿರಾರು ರೂಪಾಯಿಯ ಬಾಕ್ಸ್ ಆಗ ಬರೀ ಡಬ್ಬ. ಸಹಿ ಹಾಕಲಿಲ್ಲ. ಮಾಲೀಕರಿಗೆ ಬೇಜಾರಾಯಿತು, ಆಗಲಿ ಬಿಡಿ.

ಸಮಯ ಆಯಿತು ಅಂತ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳುತ್ತೇನೆ. ಟ್ಯಾಂಕರ್ ಇಳಿಸುವಾಗ ಟ್ಯಾಂಕಿನೊಳಗಿನ ಆವಿ ವೆಂಟ್ ಪೈಪಿನಿಂದ ಹೊರಗೆ ಬರುತ್ತದೆ, ಆಗ ಹತ್ತಿರದ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಮೊದಲು ಟ್ಯಾಂಕರಿಗೆ ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಕ್ಲಿಪ್ ಹಾಕಿ, ಆಮೇಲೆ ಪೈಪ್ ಜೋಡಿಸಿ. ಜನರೇಟರಿನವರೇ, ಡೀಸೆಲ್ ಹತ್ತಿಕೊಳ್ಳಲ್ಲ ಅನ್ನಬೇಡಿ. ಅದಕ್ಕೆ 35 ಡಿಗ್ರಿಯ ಮೇಲೆ ಅಪಾಯ ಶುರುವಾಗಬಹುದು, ರಾಯಚೂರಿನ ಬೇಸಿಗೆ 40 ದಾಟುತ್ತದೆ. ಕ್ಯಾನುಗಳನ್ನು ಸ್ಟಾರ್ಟರ್ ಬೋರ್ಡಿನ ಕೆಳಗಿಂದ ಎತ್ತಿ ಬೇರೆ ಕಡೆ ಇಡಿ.

ಮತ್ತೆ ಆ ಬೋಲ್ಟ್‌ಗಳು. ಇವತ್ತೇ ಎಣಿಸಿ. ಬಾಕ್ಸ್ ತೆರೆಯಬೇಕಾಗಿಲ್ಲ, ಹೊರಗಿನಿಂದಲೇ ಕಾಣುತ್ತವೆ. ನಮಸ್ಕಾರ.