ಲೋಟದಲ್ಲಿ ಏಳು ಹುಣಸೆ ಬೀಜ

(ವಿಶ್ವ ಎಂ.ಎಸ್. ದಿನ, ಮೇ 30ರಂದು ದಾವಣಗೆರೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ನಾನು ಕೂತುಕೊಂಡೇ ಮಾತಾಡುತ್ತೇನೆ. ಫ್ಯಾನನ್ನು ಈ ಕಡೆ ತಿರುಗಿಸಿಕೊಟ್ಟ ಹುಡುಗನಿಗೆ ಒಳ್ಳೆಯದಾಗಲಿ. ನನ್ನ ಕುತ್ತಿಗೆ ಮೇಲೆ ಒದ್ದೆ ಟವೆಲ್ ಇದೆ, ಅದನ್ನು ನೋಡಿ ಯಾರೂ ಗಾಬರಿಯಾಗಬೇಡಿ. ಅದರ ವಿಷಯ ಆಮೇಲೆ ಬರುತ್ತದೆ.

ಎಂ.ಎಸ್., ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ, ಹೇಗಿರುತ್ತದೆ ಅಂತ ಇಲ್ಲಿರುವವರಿಗೆ ನಾನು ಹೇಳಬೇಕಿಲ್ಲ. ಅರ್ಧ ಜನ ಅದರ ಜೊತೆ ಬದುಕುತ್ತಿರುವವರು, ಇನ್ನರ್ಧ ಅವರ ಮನೆಯವರು. ಹಿಂದಿನ ಸಾಲುಗಳಲ್ಲಿ ನರ್ಸಿಂಗ್ ಓದುವ ಮಕ್ಕಳಿದ್ದೀರಿ, ನಿಮಗೂ ಪಾಠ ಆಗಿರುತ್ತದೆ. ಕೈ ಜೋಮು, ಕಣ್ಣು ಮಂಜು, ನಡಿಗೆಯಲ್ಲಿ ತೂರಾಟ. ಇವನ್ನೆಲ್ಲ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ಹೇಳಿದರೂ ಅರ್ಥವಾಗದ್ದು ಒಂದಿದೆ, ಸುಸ್ತು. ಎಂ.ಎಸ್. ಇರುವ 100 ಜನರಲ್ಲಿ ಸುಮಾರು 75ರಿಂದ 80 ಜನರಿಗೆ ಈ ಸುಸ್ತು ಇರುತ್ತದೆ. ಕೆಲಸ ಬಿಡುವಂತೆ ಮಾಡುವುದರಲ್ಲೂ ಇದರ ಪಾಲು ದೊಡ್ಡದು.

ಕನ್ನಡದಲ್ಲಿ ನಮಗೆ ದಣಿವು ಅಂತ ಒಂದು ಮಾತಿದೆ. ಹೊಲದಲ್ಲಿ ಕಳೆ ತೆಗೆದರೆ ದಣಿವು. ಮದುವೆ ಮನೆಯಲ್ಲಿ ನೂರು ಜನಕ್ಕೆ ಬಡಿಸಿದರೆ ದಣಿವು. ಒಂದು ತಂಬಿಗೆ ನೀರು ಕುಡಿದು ಜಗಲಿ ಮೇಲೆ ಕೂತರೆ ಅದು ಇಳಿಯುತ್ತದೆ. ನಾನು ಹೇಳುತ್ತಿರುವ ಸುಸ್ತು ಕೆಲಸ ಮಾಡಿದ್ದಕ್ಕೆ ಬರುವಂಥದ್ದಲ್ಲ. ಬೆಳಿಗ್ಗೆ ಏಳುವಾಗಲೇ ಮೈ ಮೇಲೆ ಜೋಳದ ಮೂಟೆ ಇಟ್ಟ ಹಾಗಿರುತ್ತದೆ. ಬಾಚಣಿಗೆ ಎತ್ತಿ ತಲೆ ಬಾಚುವುದಕ್ಕೆ ಎರಡು ಸಲ ಯೋಚನೆ ಮಾಡಬೇಕು. ಇದನ್ನು ಹೇಳಿದರೆ ಎದುರಿನವರು ತಟ್ಟನೆ ಏನಂತಾರೆ? "ನಮಗೂ ಸುಸ್ತಾಗುತ್ತಪ್ಪ." ಅಲ್ವಾ? ಎಷ್ಟು ಜನ ಈ ಮಾತು ಕೇಳಿದ್ದೀರಿ, ಕೈ ಎತ್ತಿ. ನೋಡಿ, ಎಷ್ಟು ಕೈಗಳು.

ನಮ್ಮ ಮನೆಯವರದ್ದು ಹಳೇ ಪಿ.ಬಿ. ರಸ್ತೆ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೋರ್‌ವೆಲ್ ಮೋಟರ್ ಸುಟ್ಟಿತು ಅಂತ ಹರಿಹರ, ಜಗಳೂರು, ಚನ್ನಗಿರಿ ಎಲ್ಲ ಕಡೆಯಿಂದ ರೈತರು ಬರುತ್ತಾರೆ. ನಮ್ಮ ಮನೆಯವರು ನನಗೆ ಈ ಕಾಯಿಲೆಯನ್ನು ಅರ್ಥ ಮಾಡಿಸಿದ್ದು ಒಂದು ತಾಮ್ರದ ತಂತಿ ತೋರಿಸಿ. ತಂತಿ ಮೇಲೆ ತೆಳ್ಳಗೆ ಒಂದು ಲೇಪ ಇರುತ್ತದೆ. ಅದು ಅಲ್ಲಲ್ಲಿ ಕಿತ್ತುಹೋದರೆ ಕರೆಂಟು ದಾರಿ ತಪ್ಪುತ್ತದೆ. ನಮ್ಮ ನರಗಳ ಮೇಲೂ ಮಯಲಿನ್ ಅನ್ನುವ ಹೊದಿಕೆ ಇದೆ. ಎಂ.ಎಸ್.ನಲ್ಲಿ ಮೈ ಕಾಯಬೇಕಾದ ಪಡೆಯೇ ಮಿದುಳಲ್ಲಿ, ಬೆನ್ನುಹುರಿಯಲ್ಲಿ ಆ ಹೊದಿಕೆಯನ್ನು ಹರಿಯುತ್ತದೆ. ಸುದ್ದಿ ನಿಧಾನವಾಗಿ ಹೋಗುತ್ತದೆ, ಕೆಲವೊಮ್ಮೆ ಹೋಗುವುದೇ ಇಲ್ಲ. ಆಗ ಅದೇ ಕೆಲಸಕ್ಕೆ ಮಿದುಳು ಜಾಸ್ತಿ ಒದ್ದಾಡಬೇಕು. ವೋಲ್ಟೇಜ್ ಕಮ್ಮಿ ಇದ್ದಾಗ ಮೋಟರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದಲ್ಲ, ಹಾಗೆ. ಆ ಮೋಟರನ್ನು ಯಾರಾದರೂ ಸೋಮಾರಿ ಅಂತಾರಾ?

ಇದು ಕಾಯಿಲೆಯಿಂದಲೇ ನೇರವಾಗಿ ಬರುವ ಸುಸ್ತು. ಇದರ ಮೇಲೆ ಇನ್ನೊಂದು ಸುಸ್ತು ಬಂದು ಕೂರುತ್ತದೆ, ಅದು ಬರುವುದು ರಾತ್ರಿಯಿಂದ. ನಾನು ಇವತ್ತು ಬಂದಿರುವುದೇ ಅದನ್ನು ಹೇಳಲಿಕ್ಕೆ. ಎಂ.ಎಸ್. ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ನಿದ್ದೆಯ ತೊಂದರೆ ಇದೆ. ಆದರೆ ನಮ್ಮನ್ನು ಯಾರೂ ರಾತ್ರಿಯ ಬಗ್ಗೆ ಕೇಳುವುದಿಲ್ಲ. ನಾವೂ ಹೇಳುವುದಿಲ್ಲ.

ನನ್ನ ಕಥೆ ಕೇಳಿ. ನನಗೆ ಮೊದಲು ಬಲಗಣ್ಣು ಮಂಜಾಗಿದ್ದು 2011ರಲ್ಲಿ. ಹೈಸ್ಕೂಲಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕೆಂಪು ಬಣ್ಣ ಬೂದು ಕಲೆಸಿದ ಹಾಗೆ ಕಾಣುತ್ತಿತ್ತು. ಒಂದು ಕಡೆ ಟೆನ್ಷನ್ ಅಂದರು, ಇನ್ನೊಂದು ಕಡೆ ರಕ್ತ ಕಮ್ಮಿ ಅಂದರು. ಎಂ.ಆರ್.ಐ. ಆಗಿ ಹೆಸರು ಸಿಕ್ಕಿದ್ದು 2013ರಲ್ಲಿ. ಔಷಧಿ ಶುರುವಾಯಿತು, ಕಾಯಿಲೆ ಇದ್ದಕ್ಕಿದ್ದಂತೆ ಕೆರಳುವ ಹೊಸ ದಾಳಿಗಳು ನಿಂತವು. ಸುಸ್ತು ಮಾತ್ರ ಹೋಗಲಿಲ್ಲ. ಕೇಳಿದಾಗೆಲ್ಲ ಒಂದೇ ಉತ್ತರ, "ಈ ಕಾಯಿಲೆಯಲ್ಲಿ ಅದು ಇದ್ದದ್ದೇ ಅಮ್ಮ." ಮೂರು ವರ್ಷ ನಾನೂ ಹಾಗೇ ನಂಬಿದೆ.

ನಮ್ಮ ಅತ್ತೆ ಜಗಳೂರು ಕಡೆಯವರು. ಬರ ನೋಡಿ ಬೆಳೆದವರು, ಐದು ಗಂಟೆಗೆ ಏಳುವವರು. ಏಳೂವರೆಗೂ ಮಲಗಿರುವ ಸೊಸೆಯನ್ನು ಕಂಡರೆ ಅವರಿಗೆ ಹೇಗಾಗಬೇಡ? ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ಪಾತ್ರೆ ಸ್ವಲ್ಪ ಜೋರಾಗಿ ಇಡುತ್ತಿದ್ದರು, ಅಷ್ಟೇ. ಸೊಸೆಯಂದಿರಿಗೆ ಆ ಭಾಷೆ ಅರ್ಥ ಆಗುತ್ತದೆ.

2016ರ ಏಪ್ರಿಲ್ಲು. ಮನೆ ತುಂಬ ಹುಣಸೆಹಣ್ಣು. ಅತ್ತೆ ನಡುಮನೆಯಲ್ಲಿ ಹಾಸಿಗೆ ಹಾಕಿಕೊಂಡು ರಾತ್ರಿ ಹೊತ್ತಾದ ಮೇಲೂ ಬೀಜ ಬಿಡಿಸುತ್ತಾ ಕೂರುತ್ತಿದ್ದರು. ಬಚ್ಚಲಿಗೆ ಹೋಗುವ ದಾರಿ ಅವರ ತಲೆದಿಂಬಿನ ಪಕ್ಕದಲ್ಲೇ. ನಾನು ಗೋಡೆ ಹಿಡಿದು ಹೋಗಿ ಬರುವುದು ಅವರ ಕಣ್ಣಿಗೆ ಬೀಳುತ್ತಿತ್ತು. ಒಂದು ರಾತ್ರಿ ಅವರಿಗೆ ಏನನ್ನಿಸಿತೋ, ನಾನು ಎದ್ದಾಗೊಮ್ಮೆ ಒಂದು ಹುಣಸೆ ಬೀಜ ತೆಗೆದು ಸ್ಟೀಲ್ ಲೋಟಕ್ಕೆ ಹಾಕಿದರು. ಬೆಳಿಗ್ಗೆ ಎಣಿಸಿದರೆ ಏಳು! ಮಾರನೇ ರಾತ್ರಿ ಇನ್ನೊಂದು ಲೋಟ, ಆರು. ಮೂರನೇ ರಾತ್ರಿ ಎಂಟು. ನನಗೆ ಇದೊಂದೂ ಗೊತ್ತಿಲ್ಲ. ಲೋಟದಲ್ಲಿ ಟಣ್ ಅಂತ ಸದ್ದು ಕೇಳಿದಾಗ ಇಲಿ ಅಂದುಕೊಂಡಿದ್ದೆ.

ನಾಲ್ಕನೇ ಬೆಳಿಗ್ಗೆ ಪಾತ್ರೆ ಸದ್ದು ಇಲ್ಲ. ಅತ್ತೆ ಕಾಫಿ ಹಿಡಿದು ನನ್ನ ಮಂಚದ ಹತ್ತಿರ ಬಂದರು. ಮೂರು ಲೋಟ ಸಾಲಾಗಿ ಇಟ್ಟರು. "ಏನವ್ವ ಇದು? ಬಾಣಂತಿನೂ ಇಷ್ಟು ಸಲ ಏಳಲ್ಲ. ಮನುಷ್ಯರು ಇಷ್ಟು ನಿದ್ದೆಗೆಟ್ಟರೆ ಹಗಲು ನಿಲ್ಲಾಕಾಗುತ್ತಾ? ಡಾಕ್ಟರಿಗೆ ಯಾಕೆ ಹೇಳಿಲ್ಲ?" ಅಂದರು. ನಾನು ಏನು ಹೇಳಲಿ? ಎಷ್ಟು ಸಲ ಏಳುತ್ತೇನೆ ಅಂತ ನನಗೇ ಲೆಕ್ಕ ಇರಲಿಲ್ಲ. ಅವತ್ತು ಅತ್ತೆ ಸೆರಗಲ್ಲಿ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅತ್ತೆ ಜೊತೆಗೇ ಬಂದರು. ಬೀಜಗಳನ್ನು ಮೂರು ಗಂಟು ಕಟ್ಟಿಕೊಂಡು ಬಂದು ಮೇಜಿನ ಮೇಲೆ ಬಿಚ್ಚಿದರು. ಡಾಕ್ಟರು ನಗಲಿಲ್ಲ, ಎಣಿಸಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ಇವರು ಎದ್ದಿದ್ದೆಲ್ಲ ಬಚ್ಚಲಿಗೇನಾ?" ಅದು ಅತ್ತೆಗೆ ಗೊತ್ತಿತ್ತು. "ಇಲ್ಲ ಸಾರ್, ಒಂದೊಂದು ಸಲ ಸುಮ್ನೆ ನಡುಮನೆಯಲ್ಲಿ ಆ ಕಡೆ ಈ ಕಡೆ ಓಡಾಡ್ತಾಳೆ." ಹಾಗಾದರೆ ಎರಡನ್ನೂ ಬೇರೆ ಬೇರೆ ಲೆಕ್ಕ ಇಡಿ ಅಂದರು. ಅವತ್ತಿನಿಂದ ಬಚ್ಚಲಿಗೆ ಹುಣಸೆ ಬೀಜ, ಓಡಾಟಕ್ಕೆ ಶೇಂಗಾ. ವಾರದ ಲೆಕ್ಕ ನೋಡಿದರೆ ರಾತ್ರಿಗೆ ನಾಲ್ಕು ಬೀಜ, ಮೂರು ಶೇಂಗಾ.

ನರ್ಸಿಂಗ್ ಮಕ್ಕಳೇ, ಈಗ ಕೇಳಿಸಿಕೊಳ್ಳಿ. ಹೊರಗಿನಿಂದ ಒಂದೇ ಥರ ಕಾಣುವ ನಿದ್ದೆಗೇಡಿಗೆ ಎರಡು ಬೇರೆ ಕಾರಣ. ಹುಣಸೆ ಬೀಜ ಅಂದರೆ ಮೂತ್ರಕೋಶ. ಬೆನ್ನುಹುರಿಯ ಸುದ್ದಿ ಕೆಟ್ಟಾಗ ಚೀಲ ತುಂಬುವ ಮೊದಲೇ ಅದು ಹಿಂಡಿಕೊಳ್ಳುತ್ತದೆ, ಅಥವಾ ಪೂರ್ತಿ ಖಾಲಿಯಾಗುವುದಿಲ್ಲ. ಸ್ಕ್ಯಾನ್ ಮಾಡಿ ಎಷ್ಟು ಉಳಿಯುತ್ತದೆ ಅಂತ ನೋಡಬಹುದು, ಮಾತ್ರೆ ಇದೆ. ಸೋಂಕು ಇದ್ದರೆ ಸುಸ್ತು ಇನ್ನೂ ಜಾಸ್ತಿ, ಅದನ್ನೂ ನೋಡಬೇಕು. ನಮ್ಮ ಹೆಂಗಸರು ನೀರು ಕುಡಿಯುವುದನ್ನೇ ನಿಲ್ಲಿಸಿಬಿಡುತ್ತಾರೆ, ಅದು ತಪ್ಪು. ಹಗಲೆಲ್ಲ ಚೆನ್ನಾಗಿ ಕುಡಿಯಿರಿ, ಸಂಜೆ ಮೇಲೆ ಕಮ್ಮಿ ಮಾಡಿ.

ಶೇಂಗಾ ಅಂದರೆ ಕಾಲು. ಮಲಗಿದ ತಕ್ಷಣ ಮೀನಖಂಡದೊಳಗೆ ಇರುವೆ ಹರಿದ ಹಾಗೆ, ಕಾಲು ಆಡಿಸಲೇಬೇಕು ಅನ್ನಿಸುತ್ತದೆ. ಎದ್ದು ನಡೆದರೆ ಸಮಾಧಾನ, ಮಲಗಿದರೆ ಮತ್ತೆ ಶುರು. ರೆಸ್ಟ್‌ಲೆಸ್ ಲೆಗ್ಸ್ ಅಂತ ಇದಕ್ಕೆ ಹೆಸರು. ಎಂ.ಎಸ್. ಇರುವವರಲ್ಲಿ ಇದು ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಕಬ್ಬಿಣಾಂಶ ಕಮ್ಮಿ ಇದ್ದರೆ ಇದು ಕೆರಳುತ್ತದೆ. ಹಿಮೋಗ್ಲೋಬಿನ್ ಸರಿ ಇದ್ದರೂ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು. ಅದನ್ನು ತಿಳಿಯಲು ಫೆರಿಟಿನ್ ಅಂತ ಒಂದು ರಕ್ತಪರೀಕ್ಷೆ ಇದೆ. ನನ್ನದು ತಳ ಮುಟ್ಟಿತ್ತು. ಶೀತಕ್ಕೆ, ನವೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಇದನ್ನು ಜಾಸ್ತಿ ಮಾಡುತ್ತವೆ, ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದು ನುಂಗಬೇಡಿ.

ಇದೇ ಎರಡು ಅಂತಲ್ಲ. ರಾತ್ರಿ ಕಾಲು ಸೆಟೆದುಕೊಳ್ಳುವುದು, ಉರಿ, ನೋವು. ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ನಿಲ್ಲುವುದು. ಬೆಳಗಿನ ಜಾವ ಎಚ್ಚರವಾಗಿ ಎದೆ ಭಾರವಾಗುವ ಖಿನ್ನತೆ. ಇದನ್ನು ಹೇಳಿಕೊಳ್ಳಲು ನಾಚಿಕೆ ಬೇಡ, ನಮ್ಮಲ್ಲಿ ಇದು ತುಂಬ ಜನರಿಗಿದೆ. ದಾಳಿ ಬಂದಾಗ ಕೊಡುವ ಸ್ಟೀರಾಯ್ಡ್ ಕೂಡ ನಿದ್ದೆ ಕೆಡಿಸುತ್ತದೆ, ಅದಕ್ಕೇ ಬೆಳಿಗ್ಗೆ ಕೊಡಿ ಅಂತ ಕೇಳಿ. ಒಂದೊಂದಕ್ಕೂ ಒಂದೊಂದು ಔಷಧ. ಎಲ್ಲವನ್ನೂ ಸೇರಿಸಿ "ಇದ್ದದ್ದೇ" ಅಂದುಬಿಟ್ಟರೆ ಯಾವುದೂ ವಾಸಿಯಾಗುವುದಿಲ್ಲ. ಬೀಜ ಎಣಿಸಿ ಅಂತ ನಾನು ಬಡಿದುಕೊಳ್ಳುವುದು ಅದಕ್ಕೇ.

ಸುಸ್ತಿಗೇ ಮಾತ್ರೆ ಇಲ್ವಾ ಅಂತ ಕೇಳುತ್ತೀರಿ. ಅಮಾಂಟಡಿನ್, ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಅಂತ ಮೂರನ್ನು ಬಹಳ ವರ್ಷಗಳಿಂದ ಬರೆದುಕೊಡುತ್ತಿದ್ದರು. ಅಮೆರಿಕದಲ್ಲಿ 141 ಜನರ ಮೇಲೆ ಇವನ್ನು ಒಂದಾದ ಮೇಲೊಂದು ಕೊಟ್ಟು, ಔಷಧವೇ ಇಲ್ಲದ ಮಾತ್ರೆಯ ಜೊತೆ ಹೋಲಿಸಿ ನೋಡಿದರು. 2021ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸುಸ್ತು ಇಳಿಸುವುದರಲ್ಲಿ ಮೂರೂ ಆ ಖಾಲಿ ಮಾತ್ರೆಗಿಂತ ಮೇಲು ಅಂತ ಕಾಣಲಿಲ್ಲ. ನಿಮ್ಮ ಡಾಕ್ಟರು ಕೊಟ್ಟಿದ್ದರೆ ನೀವಾಗಿಯೇ ಬಿಡಬೇಡಿ, ಮಾತಾಡಿ. ನನಗೆ ಇದನ್ನು ಓದಿದಾಗ ಬೇಜಾರಾಗಲಿಲ್ಲ. ಬೀಜದ ಲೋಟದ ಕಡೆ ಇನ್ನೂ ಗಟ್ಟಿಯಾಗಿ ತಿರುಗಿದೆ.

ಈಗ ಟವೆಲ್. 1890ರಲ್ಲಿ ವಿಲ್ಹೆಲ್ಮ್ ಊಟ್‌ಹಾಫ್ ಅನ್ನುವ ಜರ್ಮನಿಯ ಕಣ್ಣಿನ ಡಾಕ್ಟರು ಒಂದು ವಿಷಯ ಗಮನಿಸಿದರು. ಮೈ ದಂಡಿಸಿದ ಮೇಲೆ ಈ ರೋಗಿಗಳ ದೃಷ್ಟಿ ಸ್ವಲ್ಪ ಹೊತ್ತು ಮಂಕಾಗುತ್ತದೆ. ಕಾರಣ ಮೈಯ ಬಿಸಿ ಅಂತ ಆಮೇಲೆ ತಿಳಿಯಿತು. ಅರ್ಧ ಡಿಗ್ರಿ ಏರಿದರೂ ಹೊದಿಕೆ ಕಿತ್ತ ನರ ಸುದ್ದಿ ಸಾಗಿಸದೆ ಹೋಗಬಹುದು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಕಾಯಿಲೆ ಪತ್ತೆ ಮಾಡುತ್ತಿದ್ದರಂತೆ! ಮೇ ತಿಂಗಳ ದಾವಣಗೆರೆಯಲ್ಲಿ ಆ ತೊಟ್ಟಿ ಬೇಕಾಗಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಚಿತ್ರದುರ್ಗದಿಂದ ಬಂದವರು ನಗುತ್ತಿದ್ದೀರಿ, ನಿಮ್ಮ ಬಂಡೆಗಳೇನು ಕಮ್ಮಿ ಕಾಯುತ್ತವಾ? ಹೆದರಬೇಡಿ, ತಂಪಾದರೆ ಅದು ಇಳಿಯುತ್ತದೆ, ಹೊಸ ಹಾನಿ ಏನೂ ಆಗಿರುವುದಿಲ್ಲ.

ಆದರೆ ರಾತ್ರಿಗೂ ಇದಕ್ಕೂ ನಂಟಿದೆ. ನಿದ್ದೆ ಹತ್ತಬೇಕಾದರೆ ಮೈ ಸ್ವಲ್ಪ ತಣ್ಣಗಾಗಬೇಕು. ನಮ್ಮ ತಾರಸಿ ಮನೆಗಳು ಹಗಲು ಕುಡಿದ ಬಿಸಿಲನ್ನು ರಾತ್ರಿ ಹನ್ನೊಂದರವರೆಗೂ ಉಗುಳುತ್ತವೆ. ಜೊತೆಗೆ ಕರೆಂಟ್ ಹೋದರೆ ಮುಗಿಯಿತು. ನಾವು ಸಂಜೆ ತಾರಸಿ ಮೇಲೆ ನೀರು ಹಾಕುತ್ತೇವೆ. ಮಲಗುವ ಮೊದಲು ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಮಧ್ಯರಾತ್ರಿ ಎದ್ದಾಗ ಕುತ್ತಿಗೆಗೆ ಈ ಟವೆಲ್. ವಿದೇಶದಲ್ಲಿ ತಂಪಿನ ಕೋಟು ಸಿಗುತ್ತದೆ, ನಮಗೆ ಟವೆಲ್ ಸಾಕು.

ಚೀಟಿ ಬಂತು, ಹತ್ತು ನಿಮಿಷ ಅಂತೆ. ಉಳಿದಿದ್ದು ಬೇಗ ಹೇಳುತ್ತೇನೆ.

ಏಳುವ ಹೊತ್ತು ದಿನವೂ ಒಂದೇ ಇರಲಿ. ಮಧ್ಯಾಹ್ನ ಇಪ್ಪತ್ತು, ಮೂವತ್ತು ನಿಮಿಷ ಮಲಗಿ, ಮೂರು ಗಂಟೆ ಒಳಗೆ ಎದ್ದುಬಿಡಿ. ಸಂಜೆ ಕಾಫಿ ಬೇಡ. ನಿದ್ದೆ ಬಾರದೆ ಹೊರಳಾಡುವವರಿಗೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಒಳ್ಳೆಯದು ಮಾಡಿದೆ, ಕೇಳಿ ನೋಡಿ. ನಿದ್ದೆ ಮಾತ್ರೆ ವಿಷಯದಲ್ಲಿ ಹುಷಾರು. ರಾತ್ರಿ ನಾಲ್ಕು ಸಲ ಏಳುವವರು ಮತ್ತಿನಲ್ಲಿ ಎದ್ದರೆ ಬೀಳುತ್ತಾರೆ. ಬಚ್ಚಲ ದಾರಿಗೆ ಒಂದು ಸಣ್ಣ ಬಲ್ಬು ಹಾಕಿ. ಥೈರಾಯ್ಡ್ ನೋಡಿಸಿ. ವ್ಯಾಯಾಮ ಬಿಡಬೇಡಿ, ಬೆಳಿಗ್ಗೆ ತಂಪು ಹೊತ್ತಲ್ಲಿ ಕುಂದವಾಡ ಕೆರೆ ಏರಿ ಮೇಲೆ ಆದಷ್ಟು ನಡೆಯಿರಿ.

ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಂ.ಎಸ್. ಇದೆ. ನನಗೆ ಬೆಳಗಿನ ಪೀರಿಯಡ್ ಕೊಡಿ ಅಂತ ಕೇಳಿದಾಗ ಮೊದಲು "ಎಲ್ಲರೂ ಹಾಗೇ ಕೇಳಿದರೆ?" ಅಂದಿದ್ದರು. ಕಾಯ್ದೆ ತೋರಿಸಿದ ಮೇಲೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮಸುಕಾಗುವ ಮಿದುಳಿಗೆ ಬೆಳಗಿನ ನಾಲ್ಕು ಪೀರಿಯಡ್ ಅಂದರೆ ಇಡೀ ಕೆಲಸ ಉಳಿದ ಹಾಗೆ.

ನಿದ್ದೆ ಸರಿಹೋದರೆ ಸುಸ್ತು ಪೂರ್ತಿ ಹೋಗುತ್ತದಾ? ಇಲ್ಲ. ನಿಮಗೆ ಸುಳ್ಳು ಹೇಳುವುದಿಲ್ಲ. ಮೋಟರ್ ತಂತಿ ಹಾಗೇ ಇದೆ. ಆದರೆ ಐದು ತಿಂಗಳಲ್ಲಿ ನನ್ನ ಲೋಟ ರಾತ್ರಿಗೆ ಎರಡು ಬೀಜಕ್ಕೆ ಇಳಿಯಿತು, ಶೇಂಗಾ ವಾರಕ್ಕೆ ಒಂದು. ಸಂಜೆ ನಾಲ್ಕಕ್ಕೆ ಮಗಳ ಹೋಂವರ್ಕ್ ನೋಡಲು ಆಯಿತು. ಅದಕ್ಕೂ ಮುಂಚೆ ಆ ಹೊತ್ತಲ್ಲಿ ನಾನು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ.

ಮತ್ತೆ ಚೀಟಿ. ಆಯಿತು, ನಿಲ್ಲಿಸುತ್ತೇನೆ. ಮೂರನೇ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು ಕೂತಿದ್ದಾರಲ್ಲ, ಅವರೇ ನಮ್ಮ ಅತ್ತೆ. ಚೀಲದಲ್ಲಿ ಬೀಜ ತಂದಿದ್ದಾರೆ, ಶೇಂಗಾನೂ ತಂದಿದ್ದಾರೆ. ಮನೆಯಲ್ಲಿ ಲೆಕ್ಕ ಇಡುವುದು ಹೇಗೆ ಅಂತ ಅವರನ್ನೇ ಕೇಳಿ. ಈಗ ಕಿವಿ ಸ್ವಲ್ಪ ಮಂದ, ಹತ್ತಿರ ಹೋಗಿ ಜೋರಾಗಿ ಮಾತಾಡಿ.