ಬಾಯಿ ಬಿಟ್ಟ ಮೇಲೆ ಕೀಳಿ

ಕೇಳುಗರಿಗೆ ನಮಸ್ಕಾರ. ನನಗೆ ಸಿಕ್ಕಿರುವುದು ಮೂರೇ ನಿಮಿಷ. ಅದಕ್ಕೇ ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಅಕೀ ಹಣ್ಣು ಮರದಲ್ಲೇ, ತಾನಾಗಿಯೇ ಬಾಯಿ ಬಿಡಬೇಕು. ಅಲ್ಲಿಯವರೆಗೆ ಕೈ ಹಾಕಬಾರದು.

ಅಕೀ ಪಶ್ಚಿಮ ಆಫ್ರಿಕಾದ ಕಾಡಿನ ಮರ. ಘಾನಾ, ಬೆನಿನ್ ಕಡೆ ಮನೆ ಹತ್ತಿರವೂ ಇರುತ್ತದೆ. ನಮ್ಮ ಅಂಟುವಾಳ ಇದಕ್ಕೆ ನೆಂಟ, ಲಿಚಿಯೂ ಅಷ್ಟೇ.

ಕೆಲವು ವರ್ಷದ ಹಿಂದೆ ಉತ್ತರ ಬೆನಿನ್‌ನ ಒಂದು ಹಳ್ಳಿಗೆ ಹೋಗಿದ್ದೆ. ಅಂಗಳದಲ್ಲೇ ಮರ. ಮುಷ್ಟಿ ಗಾತ್ರದ ಕೆಂಪು ಹಣ್ಣು ಕೈಗೆಟುಕುವ ಹಾಗೆ ತೂಗುತ್ತಿತ್ತು. ಸಸ್ಯಶಾಸ್ತ್ರ ಓದಿದವನು ನಾನು, ಆದರೂ ಸುಮ್ನೆ ಇರಲಾರದೆ ಕೈ ಚಾಚಿದೆ. ಮನೆಯ ಅಜ್ಜಿ ಬಂದವರೇ ಪಟ್ ಅಂತ ಕೈ ಮೇಲೆ ಹೊಡೆದರು! ಅವರ ಭಾಷೆ ನನಗೆ ಬರದು. ತುಟಿ ಬಿಗಿಯಾಗಿ ಮುಚ್ಚಿ, ಬೇಡ ಅಂತ ತಲೆ ಆಡಿಸಿದರು. ಆಮೇಲೆ ಬಾಯಿ ಅಗಲಿಸಿ ತೋರಿಸಿ, ತಲೆದೂಗಿದರು. ಅರ್ಥವಾಯಿತಲ್ವಾ?

ಮೇಲಿನ ಕೊಂಬೆಯಿಂದ ಬಿರಿದ ಹಣ್ಣು ತೆಗೆಸಿದರು. ಸಿಪ್ಪೆ ಮೂರು ಹೋಳಾಗಿ ಬಿಚ್ಚಿತ್ತು. ಒಳಗೆ ಬೆಣ್ಣೆ ಬಣ್ಣದ ತೊಳೆ, ಒಂದೊಂದರ ತುದಿಗೂ ಮಿರಿಮಿರಿ ಕಪ್ಪು ಬೀಜ. ಬೀಜ ಎಸೆದರು. ತೊಳೆಯ ಮಡಿಕೆಯಲ್ಲಿದ್ದ ಕೆಂಪು ಪೊರೆಯನ್ನು ಉಗುರಿನಲ್ಲಿ ಕಿತ್ತರು. ಕುದಿಸಿ, ನೀರು ಬಸಿದು ಚೆಲ್ಲಿ, ಎಣ್ಣೆಯಲ್ಲಿ ಹುರಿದು ಕೊಟ್ಟರು. ಥೇಟ್ ಮೊಟ್ಟೆ ಬುರ್ಜಿ! ಎರಡು ಸಲ ಹಾಕಿಸಿಕೊಂಡೆ.

ಬಾಯಿ ಬಿಡದ ಕಾಯಿಯಲ್ಲಿ ಹೈಪೋಗ್ಲೈಸಿನ್ ಎಂಬ ವಿಷ ಜಾಸ್ತಿ. ವಾಂತಿ ಶುರುವಾಗುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ಎಚ್ಚರ ತಪ್ಪುತ್ತದೆ. 1998ರಲ್ಲಿ ಬುರ್ಕಿನಾ ಫಾಸೊದಲ್ಲಿ ಹೀಗೇ ಪುಟ್ಟ ಮಕ್ಕಳು ಸತ್ತರು. ಇಷ್ಟು ಹೇಳಿದ ಮೇಲೂ ಕೇಳುವವರಿದ್ದಾರೆ: "ಕಾಯಿಯನ್ನೇ ಚೆನ್ನಾಗಿ ಬೇಯಿಸಿದರೆ ಆಗಲ್ವಾ ಸಾರ್?" ಆಗಲ್ಲ ಸ್ವಾಮಿ. "ಹುಲ್ಲಿನಲ್ಲಿ ಅಡೆ ಹಾಕಿದರೆ?" ಅಯ್ಯೋ, ಇದು ಮಾವಿನಕಾಯಿ ಅಲ್ಲ! ಮರದಲ್ಲೇ ಬಾಯಿ ಬಿಡಬೇಕು. ಬೀಜವನ್ನಂತೂ ಯಾವತ್ತೂ ತಿನ್ನಬಾರದು.

ಗುಲಾಮರನ್ನು ಸಾಗಿಸುತ್ತಿದ್ದ ಕಾಲದಲ್ಲಿ ಈ ಮರ ಜಮೈಕಾ ಸೇರಿತು. ಈಗ ಉಪ್ಪುಮೀನಿನ ಜೊತೆ ಅಕೀ ಅಲ್ಲಿನ ರಾಷ್ಟ್ರೀಯ ತಿನಿಸು. 1793ರಲ್ಲಿ ಈ ಮರವನ್ನು ಲಂಡನ್ನಿನ ಕ್ಯೂ ಎಂಬ ಸಸ್ಯತೋಟಕ್ಕೆ ಒಯ್ದವರು ಕ್ಯಾಪ್ಟನ್ ಬ್ಲೈ. ಬೌಂಟಿ ಎಂಬ ಹಡಗಿನಲ್ಲಿ ನಾವಿಕರು ನಾಯಕನ ಮೇಲೇ ದಂಗೆ ಎದ್ದರಲ್ಲ, ಆ ನಾಯಕ ಬ್ಲೈ, ಅವರೇ. ಆ ಕಥೆಗೆ ಇನ್ನೊಂದು ದಿನ ಬೇಕು. ಸಿಪ್ಪೆ ಸುಟ್ಟ ಬೂದಿಯಿಂದ ಸೋಪು ಮಾಡುವುದನ್ನೂ ಬರೆದುಕೊಂಡು ಬಂದಿದ್ದೆ, ಅಜ್ಜಿಯ ಕಥೆಯಲ್ಲೇ ಸಮಯ ಹೋಯಿತು. ಹೋಗಲಿ ಬಿಡಿ. ನಮಸ್ಕಾರ.